ಬಾಗಲಕೋಟೆಯ ಮಕ್ಕಳ ಆಸ್ಪತ್ರೆಯೊಂದರ ಪಾಲಕರ ತರಗತಿ: ಪಾಠ ಉತ್ತಮ, ಸಮಯ ಸರಿಯಿಲ್ಲ

ಎರಡು ವರ್ಷದೊಳಗಿನ ಮಕ್ಕಳನ್ನು ಮೊಬೈಲ್, ಟಿ.ವಿ.ಗಳಿಂದ ದೂರವಿಡುವ ಬಗೆಯನ್ನು ಪಾಲಕರಿಗೆ ಕಲಿಸಲು ಬಾಗಲಕೋಟೆಯ ಖಾಸಗಿ ಮಕ್ಕಳ ಆಸ್ಪತ್ರೆಯೊಂದು ತರಗತಿಗಳನ್ನು ನಡೆಸುತ್ತಿದೆ. ಮೊಮ್ಮಗಳಿಗೆ ಒಂಬತ್ತು ತಿಂಗಳ ದಡಾರ-ರುಬೆಲ್ಲಾ ಲಸಿಕೆ ಹಾಕಿಸಲು ಹೋದಾಗ ಹೆಸರು ಬರೆಸಿ, ಸೊಸೆಯೊಂದಿಗೆ ನಾನೂ ಹೋಗಿ ಕುಳಿತೆ.

ಒಂದು ವರ್ಷದೊಳಗಿನ ಕೂಸಿಗೆ ಪರದೆಯೇ ಬೇಡ, ಎರಡು ತುಂಬಿದ ಮೇಲೂ ದಿನಕ್ಕೆ 1 ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಎರಡು ವರ್ಷದವರೆಗೆ ಬಂಧುಗಳೊಡನೆ ಆಗೊಮ್ಮೆ ಈಗೊಮ್ಮೆ ಮಾಡುವ ವಿಡಿಯೊ ಕಾಲ್‌ಗಷ್ಟೇ ವಿನಾಯಿತಿ ಕೊಟ್ಟಿದೆ. ಇದನ್ನು ಬೇಗ ಹೇಳಿ ಮುಗಿಸಿದ ಆಪ್ತಸಮಾಲೋಚಕಿ ನೇರವಾಗಿ ಊಟದ ಹೊತ್ತಿನ ಮಾತಿಗೆ ಬಂದರು.

“ಮೊಬೈಲ್ ಹಚ್ಚಿ ಕೊಡದಿದ್ರ ಒಂದು ತುತ್ತೂ ತಿನ್ನಂಗಿಲ್ರಿ ಮೇಡಂ” ಎಂದು ತಾಯಿಯೊಬ್ಬಳು ಹೇಳಿದಾಗ, ಅವರು ಗದರಿಸದೆ, ಮೆತ್ತಗೆ ಬೇಯಿಸಿದ ಗಜ್ಜರಿಯ ಉದ್ದನೆಯ ಹೋಳನ್ನು ಕೂಸಿನ ಕೈಗೇ ಕೊಡಿಸಿ, ತಾಯಿಯನ್ನು ಎದುರಿಗೆ ಕೂರಿಸಿದರು. ಕೂಸು ಅದನ್ನು ಹಿಚುಕಿತು, ಮೂಗಿಗೆ ಬಳಿದುಕೊಂಡಿತು, ಕೊನೆಗೆ ಚೀಪಿತು. ಮುಖ ತಿರುಗಿಸಿದರೆ ಸಾಕೆಂದು ತಿಳಿಯಬೇಕು, ಪರದೆ ನೋಡುತ್ತ ನುಂಗುವ ಕೂಸಿಗೆ ತನ್ನ ಹೊಟ್ಟೆ ತುಂಬಿದ್ದರ ಅರಿವೇ ಉಳಿಯುವುದಿಲ್ಲ ಎಂಬ ಅವರ ವಿವರಣೆ ನನ್ನ ಮನಸ್ಸಿಗೆ ನಾಟಿತು.

ಕೂಸುಗಳು ಭಾಷೆ ಕಲಿಯುವ ಬಗೆಯನ್ನು ಅಧ್ಯಯನ ಮಾಡುವ ಅಮೆರಿಕದ ವಿಜ್ಞಾನಿ ಪೆಟ್ರೀಷಿಯಾ ಕೂಲ್ ಅವರ, 2003ರಲ್ಲಿ ಪ್ರಕಟವಾದ ಪ್ರಯೋಗವನ್ನೂ ಅವರು ತಿಳಿಯಾಗಿ ಹೇಳಿದರು. ಅಮೆರಿಕದಲ್ಲಿ ನಮ್ಮ ಮೊಮ್ಮಗಳಷ್ಟೇ ವಯಸ್ಸಿನ ಕೂಸುಗಳು, ಎದುರು ಕುಳಿತು ಚೀನಾದ ಮ್ಯಾಂಡರಿನ್ ಭಾಷೆ ಮಾತನಾಡಿದವರಿಂದ ಆ ಭಾಷೆಯ ಧ್ವನಿಭೇದಗಳನ್ನು ಗುರುತಿಸಲು ಕಲಿತರೆ, ಅದನ್ನೇ ಟಿ.ವಿ.ಯಲ್ಲಿ ನೋಡಿದ ಕೂಸುಗಳು ಕಲಿಯಲಿಲ್ಲ. ಮಾತು ಬರಲೆಂದು ಹಾಡಿನ ವಿಡಿಯೊ ಹಚ್ಚುವ ಮನೆಗಳು ನಮ್ಮ ಓಣಿಯಲ್ಲೇ ಎಷ್ಟಿವೆ! ಯಾರೂ ನೋಡದಿದ್ದರೂ ಧಾರಾವಾಹಿ ಓಡುತ್ತಲೇ ಇರುವ ಮನೆಯಲ್ಲಿ ಹಿರಿಯರು ಕೂಸಿನೊಡನೆ ಆಡುವ ಮಾತೂ ಕಡಿಮೆಯಾಗುತ್ತದೆ ಎಂಬುದನ್ನು ನಾನು ಮೊದಲ ಸಲ ಕೇಳಿದೆ. ಈಗ ನಮ್ಮ ಪಡಸಾಲೆಯ ಟಿ.ವಿ. ಕೂಸು ಮಲಗಿದ ಮೇಲೆಯೇ ಚಾಲೂ ಆಗುತ್ತದೆ.

ಆದರೆ ತರಗತಿಗಳು ಕೆಲಸದ ದಿನದ ಮಧ್ಯಾಹ್ನ ನಡೆಯುವುದರಿಂದ ತಂದೆಯರು ಬರಲಾರರು. ಸಂಜೆ ಮನೆಗೆ ಬಂದು ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊಬೈಲ್ ತೆರೆಯುವವರು ಬಹುತೇಕ ಅವರೇ ಆಗಿರುವಾಗ, ಎಲ್ಲ ಹೊಣೆಯನ್ನು ತಾಯಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೊಟ್ಟ ಕೈಪಿಡಿಯೂ ಇಂಗ್ಲಿಷಿನಲ್ಲಿದೆ. ರವಿವಾರದ ತರಗತಿಯೊಂದನ್ನು ಆರಂಭಿಸಿ, ಕೈಪಿಡಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಬೇಕೆಂದು ಬರೆದುಕೊಟ್ಟು ಬಂದಿದ್ದೇನೆ. ಹೋಗುವವರು ಮನೆಯ ಹಿರಿಯರನ್ನೂ ಕರೆದೊಯ್ಯಿರಿ, ಅದಕ್ಕೆ ಅಡ್ಡಿಯಿಲ್ಲ. ತರಗತಿ ಎರಡನೆಯ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲದ ಕಾರಣ, ಮೊಣಕಾಲು ನೋವಿರುವವರು ಮೊದಲೇ ತಿಳಿಸಿದರೆ ಕೆಳಗಿನ ಕೋಣೆಯಲ್ಲಿ ವ್ಯವಸ್ಥೆ ಮಾಡಿಕೊಡುತ್ತಾರೆ.