ಕಾಗದದ ಮೇಲಷ್ಟೇ ನಡೆಯುವ ಕ್ಷೇತ್ರಕಾರ್ಯ: ಎಂಎಸ್‌ಡಬ್ಲ್ಯೂ ಸೇರುವವರಿಗೆ ಒಂದು ಎಚ್ಚರಿಕೆ

ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆಯಬೇಕೆಂದು ಅರ್ಜಿ ತುಂಬುತ್ತಿರುವವರು ಶುಲ್ಕ ಕಟ್ಟುವ ಮೊದಲು ಈ ಬರಹವನ್ನು ಒಮ್ಮೆ ಓದಬೇಕೆಂದು ಕೋರುತ್ತೇನೆ. ನಾನು ಓದಿದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ, ಅದೊಂದರಿಂದ ದೂರವಿದ್ದರೆ ಸಾಕು ಎಂಬ ಭಾವನೆ ಬರುತ್ತದೆ. ನಾನು ಹೇಳಹೊರಟಿರುವ ಲೋಪವಾದರೋ ಯಾವ ಸಂಸ್ಥೆಯಲ್ಲಿ ಬೇಕಾದರೂ ಇರಬಹುದಾದದ್ದು, ಮತ್ತು ಮೇಲ್ನೋಟಕ್ಕೆ ಯಾರ ಕಣ್ಣಿಗೂ ಬೀಳದಂಥದ್ದು. ಪಾಠ, ಆಂತರಿಕ ಪರೀಕ್ಷೆ, ಪ್ರಬಂಧ, ವೈವಾ, ಅಂಕಪಟ್ಟಿ ಎಲ್ಲವೂ ಕ್ರಮವಾಗಿ ನಡೆದು, ಈ ವೃತ್ತಿಯನ್ನು ನಿಜವಾಗಿ ಕಲಿಸುವ ಕ್ಷೇತ್ರಕಾರ್ಯ ಮಾತ್ರ ಕಾಗದದ ಮೇಲೆಯೇ ಮುಗಿದುಹೋಗುವುದು ಆ ಲೋಪ.

ಹೊಸಬರಿಗೆ ಕ್ಷೇತ್ರಕಾರ್ಯವೆಂದರೆ ವಾರಕ್ಕೆ ಒಂದೆರಡು ದಿನ ತರಗತಿಯಿಂದ ಹೊರಗೆ ಹೋಗಿಬರುವುದು ಎಂದು ತೋರುತ್ತದೆ. ಅದು ಅಷ್ಟೇ ಅಲ್ಲ. ಆಸ್ಪತ್ರೆ, ಮಕ್ಕಳ ಪಾಲನಾ ಸಂಸ್ಥೆ, ಸೆರೆಮನೆ, ವ್ಯಸನಮುಕ್ತಿ ಕೇಂದ್ರ, ಶಾಲೆ ಅಥವಾ ಒಂದು ಬಡಾವಣೆಯಂತಹ ಕಡೆಯಲ್ಲಿ ವಿದ್ಯಾರ್ಥಿಯನ್ನು ನಿಯೋಜಿಸಿ, ಆತ ಅಥವಾ ಆಕೆ ಮಾತನಾಡಿಸಿದ ಪ್ರತಿಯೊಬ್ಬರ ವಿಚಾರದಲ್ಲೂ ಏನು ಮಾಡಿದರು, ಏಕೆ ಮಾಡಿದರು ಎಂಬುದನ್ನು ಬರೆಸಿ, ಅನುಭವಿ ಮೇಲ್ವಿಚಾರಕರು ಅದನ್ನು ಓದಿ, ವಾರಕ್ಕೊಮ್ಮೆ ಎದುರು ಕೂರಿಸಿಕೊಂಡು ತಿದ್ದುವ ಕ್ರಮವಿದು. ಈ ಎದುರುಬದುರಿನ ಭೇಟಿಯನ್ನು ವಿದ್ಯಾರ್ಥಿಗಳು ಐಸಿ, ಅಂದರೆ ಇಂಡಿವಿಜುವಲ್ ಕಾನ್ಫರೆನ್ಸ್, ಎನ್ನುತ್ತಾರೆ. ಬೇರೆ ಬೇರೆ ದೇಶಗಳ ನಿಯಮಗಳನ್ನು ನೋಡಿದರೆ ಇದಕ್ಕಿರುವ ತೂಕ ತಿಳಿಯುತ್ತದೆ. ಅಮೆರಿಕದಲ್ಲಿ ಸಮಾಜಕಾರ್ಯ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಮಂಡಳಿಯ ಪ್ರಕಾರ ಸ್ನಾತಕೋತ್ತರ ವಿದ್ಯಾರ್ಥಿ ಕನಿಷ್ಠ 900 ಗಂಟೆಗಳ ಕ್ಷೇತ್ರ ತರಬೇತಿಯನ್ನು ಮುಗಿಸಲೇಬೇಕು. ಆಸ್ಟ್ರೇಲಿಯಾದ ವೃತ್ತಿಪರ ಸಂಘಟನೆ 1,000 ಗಂಟೆಗಳನ್ನು ಕೇಳುತ್ತದೆ, ಅದೂ ಕನಿಷ್ಠ ಎರಡು ನಿಯೋಜನೆಗಳಲ್ಲಿ. ಇಂಗ್ಲೆಂಡಿನಲ್ಲಿ ಕನಿಷ್ಠ 200 ದಿನಗಳಾಗಬೇಕು. ಅದರಲ್ಲಿ 30 ದಿನಗಳವರೆಗೆ ಕೌಶಲ ತರಬೇತಿಗೆ ಬಳಸಬಹುದು, ಉಳಿದದ್ದು ಕ್ಷೇತ್ರದಲ್ಲೇ ಕಳೆಯಬೇಕು.

ನಮ್ಮ ಸಂಸ್ಥೆಯ ಪರಿಚಯ ಪುಸ್ತಿಕೆಯಲ್ಲಿ ಆಸ್ಪತ್ರೆಗಳು, ನ್ಯಾಯಾಲಯದ ಸಮಾಲೋಚನಾ ಕೇಂದ್ರ, ಹೆಸರಾಂತ ಸ್ವಯಂಸೇವಾ ಸಂಸ್ಥೆಗಳು ಎಲ್ಲ ಸೇರಿ ಒಂದು ಇಡೀ ಪುಟ ತುಂಬುವಷ್ಟು ಏಜೆನ್ಸಿಗಳ, ಅಂದರೆ ವಿದ್ಯಾರ್ಥಿಗಳನ್ನು ಕ್ಷೇತ್ರಕಾರ್ಯಕ್ಕೆ ನಿಯೋಜಿಸುವ ಕಡೆಗಳ, ಹೆಸರುಗಳಿದ್ದವು. ತರಗತಿಗಳು ಆರಂಭವಾದ ಮೇಲೆ ಸೂಚನಾ ಫಲಕಕ್ಕೆ ಬಂದ ಸುತ್ತೋಲೆಯಲ್ಲಿ ಮಾತ್ರ, ವಿದ್ಯಾರ್ಥಿಗಳು ತಮ್ಮ ಏಜೆನ್ಸಿಯನ್ನು ತಾವೇ ಹುಡುಕಿಕೊಂಡು ಒಪ್ಪಿಗೆ ಪತ್ರ ತರತಕ್ಕದ್ದು ಎಂದಿತ್ತು. ಪುಸ್ತಿಕೆಯಲ್ಲಿದ್ದ ಎರಡು ಆಸ್ಪತ್ರೆಗಳಿಗೆ ಹೋಗಿ ವಿಚಾರಿಸಿದಾಗ, ಆ ಸಂಸ್ಥೆಯೊಂದಿಗೆ ತಮಗೆ ಯಾವ ಒಪ್ಪಂದವೂ ಇಲ್ಲ ಎಂದು ಅಲ್ಲಿಯ ಸಮಾಜಕಾರ್ಯ ವಿಭಾಗದವರು ಸ್ಪಷ್ಟವಾಗಿ ಹೇಳಿದರು. ಕೊನೆಗೆ ನನಗೆ ದೊರೆತದ್ದು ಒಂದು ಸಣ್ಣ ಸ್ವಯಂಸೇವಾ ಸಂಸ್ಥೆ. ಅಲ್ಲಿ ನಾನು ಫಲಾನುಭವಿಗಳ ಪಟ್ಟಿಯನ್ನು ಕಂಪ್ಯೂಟರಿಗೆ ತುಂಬಿದೆ, ದಿನಾಚರಣೆಗಳ ಫೋಟೋ ತೆಗೆದೆ, ವಾರ್ಷಿಕ ವರದಿಯ ಕರಡು ತಿದ್ದಿದೆ. ಕಡತದಲ್ಲಿ ನನ್ನ ಏಜೆನ್ಸಿ ಮೇಲ್ವಿಚಾರಕರೆಂದು ನಮೂದಾಗಿದ್ದವರು ಆ ಕಚೇರಿಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವರು. ಸಜ್ಜನರು, ಆದರೆ ವಾಣಿಜ್ಯ ಓದಿದವರು. ನನಗೆ ಏನನ್ನು ಕಲಿಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಇತ್ತ ಸಂಸ್ಥೆಯ ಕಡೆಯಿಂದ ಇಡೀ ತರಗತಿಗೆ ಒಬ್ಬರೇ ಅಧ್ಯಾಪಕ ಮೇಲ್ವಿಚಾರಕರಿದ್ದು, ಅವರು ಏಜೆನ್ಸಿಗೆ ಒಮ್ಮೆಯೂ ಬರಲಿಲ್ಲ.

ಇದರಿಂದ ಆಗುವ ಹಾನಿ ವಿದ್ಯಾರ್ಥಿಗಷ್ಟೇ ತಟ್ಟುವುದಿಲ್ಲ ಎಂಬುದು ನನಗೆ ಎರಡನೆಯ ಸೆಮಿಸ್ಟರಿನಲ್ಲಿ ಅರಿವಾಯಿತು. ಆ ಸ್ವಯಂಸೇವಾ ಸಂಸ್ಥೆ ನಡೆಸುತ್ತಿದ್ದ ಮಹಿಳಾ ಸಹಾಯ ಕೇಂದ್ರದ ಆಪ್ತಸಮಾಲೋಚಕಿ ಕೆಲಸ ಬಿಟ್ಟಿದ್ದರು; ಅವರ ಕುರ್ಚಿಯಲ್ಲಿ ನನ್ನನ್ನು ಕೂರಿಸಲಾಯಿತು. ಕೈಗೆ ಕೊಟ್ಟದ್ದು ಅನುದಾನ ನೀಡುವವರಿಗೆ ಕಳುಹಿಸಬೇಕಾದ ಒಂದು ನಮೂನೆ: ವಯಸ್ಸು, ಓದು, ಮದುವೆಯಾದ ವರ್ಷ, ಮಕ್ಕಳೆಷ್ಟು, ಹಿಂಸೆಯ ಬಗೆ, ಪಕ್ಕದಲ್ಲಿ ಗುರುತು ಹಾಕಲು ಸಣ್ಣ ಚೌಕಗಳು. ಮುಂಗೈ ಊದಿಕೊಂಡಿದ್ದ ಒಬ್ಬ ಮಹಿಳೆ ಎದುರು ಬಂದು ಕುಳಿತರು. ನಾನು ಹಿಂಸೆಯ ಬಗೆಯ ಚೌಕಗಳಿಗೆ ಬರುವ ಹೊತ್ತಿಗೆ ಅವರು ನನ್ನನ್ನು ತಡೆದು ಕೇಳಿದರು: “ಇದನ್ನೆಲ್ಲ ಬರೆದುಕೊಳ್ಳಿ ಮೇಡಂ, ಆದರೆ ಇವತ್ತು ರಾತ್ರಿ ನಾನು ಎಲ್ಲಿಗೆ ಹೋಗಲಿ?” ಇಂತಹ ಸಂದರ್ಭದಲ್ಲಿ ಮೊದಲು ನೋಡಬೇಕಾದದ್ದು ಆ ವ್ಯಕ್ತಿಯ ಮತ್ತು ಮಕ್ಕಳ ತಕ್ಷಣದ ಸುರಕ್ಷತೆ, ಅನಂತರ ಗಾಯದ ಚಿಕಿತ್ಸೆ ಮತ್ತು ಅದರ ವೈದ್ಯಕೀಯ ದಾಖಲೆ, ಆಶ್ರಯದ ವ್ಯವಸ್ಥೆ, ಅವರು ಹೇಳಿದ್ದರಲ್ಲಿ ಯಾವುದನ್ನು ಗೋಪ್ಯವಾಗಿಡಬಹುದು, ಯಾವುದನ್ನು ಇಡಲಾಗದು ಎಂಬ ವಿವರಣೆ, ನಮೂನೆ ತುಂಬುವುದು ಕಟ್ಟಕಡೆಯ ಕೆಲಸ. ಇಷ್ಟನ್ನೂ ನಾನು ಆಮೇಲೆ, ಬೇರೆಯವರಿಂದ ತಿಳಿದುಕೊಂಡೆ. ಅಂದು ಅಧ್ಯಾಪಕ ಮೇಲ್ವಿಚಾರಕರಿಗೆ ಫೋನ್ ಮಾಡಿದಾಗ ದೊರೆತ ಉತ್ತರ, “ಫಾರ್ಮ್ ತುಂಬಿಟ್ಟಿರಿ, ಮುಂದಿನ ವಾರ ಮಾತಾಡೋಣ” ಎಂದಾಗಿತ್ತು. ಕಚೇರಿಯ ಕಸ ಗುಡಿಸುತ್ತಿದ್ದ ಹಿರಿಯ ಮಹಿಳೆಯೊಬ್ಬರು ಗೋಡೆಯ ಕ್ಯಾಲೆಂಡರನ್ನು ತಿರುಗಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದ ಆಶ್ರಯ ಕೇಂದ್ರದ ನಂಬರನ್ನು ತೋರಿಸಿದ್ದರಿಂದ ಕೆಲಸವಾಯಿತು. ಬಂದವರು ಅಲ್ಲಿಗೆ ತಲುಪಿದರೇ, ಮುಂದೇನಾಯಿತು ಎಂದು ವಿಚಾರಿಸುವ ಪದ್ಧತಿಯಂತೂ ಆ ಕೇಂದ್ರದಲ್ಲಿ ಇರಲೇ ಇಲ್ಲ.

ಈ ಭೇಟಿಯನ್ನು ನಾನು ಪ್ರೋಸೆಸ್ ರೆಕಾರ್ಡಿಂಗ್ ಪುಸ್ತಕದಲ್ಲಿ ವಿವರವಾಗಿ ಬರೆದೆ. ನಮ್ಮ ಪುಸ್ತಕದ ಪ್ರತಿ ಪುಟದಲ್ಲಿ ಮೂರು ಕಾಲಂಗಳಿದ್ದವು: ನಡೆದ ಮಾತುಕತೆ ಒಂದರಲ್ಲಿ, ಆಗ ವಿದ್ಯಾರ್ಥಿಯ ಮನಸ್ಸಿಗೆ ಬಂದದ್ದು ಮತ್ತು ಅದರ ವಿಶ್ಲೇಷಣೆ ಇನ್ನೊಂದರಲ್ಲಿ, ಮೇಲ್ವಿಚಾರಕರ ಟಿಪ್ಪಣಿ ಮೂರನೆಯದರಲ್ಲಿ. ವಿದ್ಯಾರ್ಥಿ ಕಲಿಯುವುದು ಮುಖ್ಯವಾಗಿ ಆ ಮೂರನೆಯ ಕಾಲಂನಿಂದ. ನಮ್ಮವರ ಪುಸ್ತಕಗಳೆಲ್ಲ ಸೆಮಿಸ್ಟರಿನ ಕೊನೆಯಲ್ಲಿ ಒಟ್ಟಿಗೆ ಒಳಗೆ ಹೋಗಿ ಒಟ್ಟಿಗೆ ಹೊರಗೆ ಬಂದವು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಶಾಯಿ, ಒಂದೇ ಸಹಿ. ಎರಡು ಹಾಳೆ ಅಂಟಿಕೊಂಡಿದ್ದರಿಂದ ನಾನು ಬರೆಯದೆ ಖಾಲಿ ಬಿಟ್ಟಿದ್ದ ಪುಟಕ್ಕೂ ‘ನೋಡಲಾಗಿದೆ’ ಎಂದು ಸಹಿ ಬಿದ್ದಿತ್ತು. ಹಿಂದಿನ ವರ್ಷದವರ ವರದಿಗಳನ್ನು ತಂದು ಹೆಸರು ಬದಲಿಸಿ ನಕಲು ಮಾಡಿದವರಿಗೂ, ಪ್ರಾಮಾಣಿಕವಾಗಿ ಬರೆದವರಿಗೂ ಅಂಕಗಳಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವೇನೂ ಇರಲಿಲ್ಲ. ಓದದೇ ಸಹಿ ಹಾಕುವ ಕಡೆ ಹೀಗಲ್ಲದೆ ಇನ್ನು ಹೇಗಾದೀತು?

ಪರಿಣಾಮ ತಿಳಿದದ್ದು ಪದವಿ ಕೈಗೆ ಬಂದ ನಂತರ. ಆಸ್ಪತ್ರೆಯೊಂದರ ವೈದ್ಯಕೀಯ ಸಮಾಜಕಾರ್ಯಕರ್ತರ ಹುದ್ದೆಗೆ ಸಂದರ್ಶನಕ್ಕೆ ಹೋದಾಗ, ನನ್ನ ಅಂಕಗಳ ಬಗ್ಗೆ ಸಮಿತಿಯವರು ಏನನ್ನೂ ಕೇಳಲಿಲ್ಲ. ನಿಮ್ಮ ಮೇಲ್ವಿಚಾರಕರು ನಿಮ್ಮ ಕೆಲಸದಲ್ಲಿ ತಿದ್ದಿದ ಯಾವುದಾದರೂ ಒಂದು ಸಂಗತಿಯನ್ನು ಹೇಳಿ ಎಂದರು. ಹೇಳಲು ನನ್ನ ಬಳಿ ಒಂದೂ ಇರಲಿಲ್ಲ. ಹೊರದೇಶದಲ್ಲಿ ನೋಂದಣಿಗೆ ಪ್ರಯತ್ನಿಸಿದ ಸಹಪಾಠಿಯೊಬ್ಬರದು ಇನ್ನೂ ಕಷ್ಟದ ಪಾಡು: ಕ್ಷೇತ್ರಕಾರ್ಯದ ಗಂಟೆಗಳ ವಿವರ, ಪ್ರತಿ ನಿಯೋಜನೆಯ ಸ್ವರೂಪ, ಮೇಲ್ವಿಚಾರಕರ ವಿದ್ಯಾರ್ಹತೆ ಎಲ್ಲವನ್ನೂ ಸಂಸ್ಥೆಯೇ ದೃಢೀಕರಿಸಿ ಕಳುಹಿಸಬೇಕೆಂದು ಅಲ್ಲಿಯವರು ಕೇಳಿದರು, ಮತ್ತು ನಮ್ಮ ಸಂಸ್ಥೆಯಲ್ಲಿ ಅಂತಹ ದಾಖಲೆಯೇ ಇರಲಿಲ್ಲ.

ಅವರು ಹಾಗೆ ಕೇಳುವುದು ಹಟಕ್ಕಲ್ಲ. ಇಂಗ್ಲೆಂಡಿನಲ್ಲಿ 2005ರಿಂದ ಈ ವೃತ್ತಿಯ ಹೆಸರಿಗೇ ಕಾನೂನಿನ ರಕ್ಷಣೆಯಿದ್ದು, ನೋಂದಾಯಿಸಿಕೊಳ್ಳದವರು ತಮ್ಮನ್ನು ಸಮಾಜಕಾರ್ಯಕರ್ತರೆಂದು ಕರೆದುಕೊಳ್ಳುವಂತಿಲ್ಲ. ಭಾರತದಲ್ಲಿ ಸಮಾಜಕಾರ್ಯ ಶಿಕ್ಷಣ 1936ರಲ್ಲೇ ಮುಂಬಯಿಯಲ್ಲಿ, ಈಗಿನ ಟಾಟಾ ಸಮಾಜವಿಜ್ಞಾನ ಸಂಸ್ಥೆಯಲ್ಲಿ, ಆರಂಭವಾಯಿತಾದರೂ ಅಂತಹ ವ್ಯಾಪಕ ನೋಂದಣಿಯ ಕಟ್ಟುಪಾಡು ಬೆಳೆದು ಬಂದಿಲ್ಲ; ಕಳಪೆ ಕೋರ್ಸುಗಳು ನಿರಾತಂಕವಾಗಿ ನಡೆಯಲು ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ. ಹಾಗೆಂದು ಇಲ್ಲಿ ಯಾರೂ ಏನೂ ಕೇಳುವುದಿಲ್ಲ ಎಂದುಕೊಳ್ಳಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಯಾರು ಎಂಬುದನ್ನು ವ್ಯಾಖ್ಯಾನಿಸುವಾಗ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಜೊತೆಗೆ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್ ಅನ್ನು, ಅದರಲ್ಲೂ ಮೇಲ್ವಿಚಾರಣೆಯಲ್ಲಿ ಪಡೆದ ಕ್ಲಿನಿಕಲ್ ತರಬೇತಿಯನ್ನು, ಹೆಸರಿಸಿ ಹೇಳುತ್ತದೆ. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲಿ ವೈದ್ಯಕೀಯ ಸಮಾಜಕಾರ್ಯಕರ್ತರೂ ಸೇರಿದ್ದಾರೆ. ಹಾಗಾಗಿ ಇಂದು ಬರಿಯ ಅಂಕಪಟ್ಟಿಯಿಂದ ಸಾಗುವ ಕೆಲಸ ನಾಳೆಯೂ ಸಾಗುತ್ತದೆಂದು ನಂಬಿ ಕೂರುವುದು ಅಪಾಯಕರ.

ಪ್ರವೇಶ ವಿಭಾಗದವರ ಕೆಲವು ಮಾತುಗಳನ್ನು ಕೇಳಿದ ಕೂಡಲೇ ಕಿವಿ ನಿಮಿರಬೇಕು. ‘ನೀವು ಈಗಾಗಲೇ ಸೇವಾ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದೀರಲ್ಲ, ಅದನ್ನೇ ಕ್ಷೇತ್ರಕಾರ್ಯವೆಂದು ತೋರಿಸಿಬಿಡೋಣ’ ಎಂಬುದು ಅವುಗಳಲ್ಲಿ ಮೊದಲನೆಯದು. ಕೇಳಲು ಹಿತವಾಗಿಯೇ ಇರುತ್ತದೆ, ಆದರೆ ಅಮೆರಿಕದ ಮಾನ್ಯತಾ ನಿಯಮಗಳು ಹಿಂದಿನ ಉದ್ಯೋಗಾನುಭವಕ್ಕೆ ಕೋರ್ಸಿನ ಕ್ರೆಡಿಟ್ ಕೊಡುವುದನ್ನು ನೇರವಾಗಿ ನಿಷೇಧಿಸಿವೆ. ಕೆಲಸ ಮಾಡಿದ್ದು ಬೇರೆ, ತಿದ್ದಿಸಿಕೊಂಡು ಕಲಿತದ್ದು ಬೇರೆ ಎಂಬುದೇ ಅದರ ಹಿಂದಿರುವ ವಿಚಾರ. ಇನ್ನೊಂದು, ‘ಮಾನ್ಯತೆಗೆ ಅರ್ಜಿ ಹಾಕಿದ್ದೇವೆ, ನೀವು ಮುಗಿಸುವ ಹೊತ್ತಿಗೆ ಬಂದಿರುತ್ತದೆ’ ಎಂಬ ಭರವಸೆ. ಅರ್ಜಿ ಹಾಕಿದ್ದು ಮಾನ್ಯತೆ ಸಿಕ್ಕಂತಲ್ಲ. ವಿಶ್ವವಿದ್ಯಾಲಯಕ್ಕೆ ಮಾನ್ಯತೆಯಿದ್ದ ಮಾತ್ರಕ್ಕೆ ಈ ಕೋರ್ಸಿಗೂ ಇದೆಯೆಂದು ಅರ್ಥವಲ್ಲ. ನೀವು ಕೆಲಸ ಮಾಡಬೇಕೆಂದಿರುವ ದೇಶದ ನಿಯಂತ್ರಣ ಸಂಸ್ಥೆಯ ಸ್ವಂತ ಪಟ್ಟಿಯಲ್ಲಿ ಕೋರ್ಸಿನ ಹೆಸರನ್ನೇ ಹುಡುಕಿ ನೋಡಬೇಕು. ದೂರಶಿಕ್ಷಣ ಅಥವಾ ಆನ್‌ಲೈನ್ ಕೋರ್ಸುಗಳೆಲ್ಲ ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಪಾಠ ಎಲ್ಲಿಂದ ಬೇಕಾದರೂ ಬರಲಿ, ಕ್ಷೇತ್ರಕಾರ್ಯಕ್ಕೆ ಊರಿನಲ್ಲಿ ಒಬ್ಬ ಅರ್ಹ ಮೇಲ್ವಿಚಾರಕರನ್ನು ಒದಗಿಸುವ ಹೊಣೆಯನ್ನು ಸಂಸ್ಥೆ ಲಿಖಿತವಾಗಿ ಹೊರುತ್ತದೆಯೇ ಎಂಬುದನ್ನಷ್ಟೇ ನೋಡಬೇಕು. ಖುದ್ದು ಹಾಜರಾಗಿ ಓದಿದ ನನಗೇ ಅದು ದೊರೆಯಲಿಲ್ಲ.

ಸೇರುವ ಮೊದಲು ವಿಚಾರಿಸಬೇಕಾದದ್ದನ್ನು ಪ್ರವೇಶ ವಿಭಾಗದಲ್ಲಿ ವಿಚಾರಿಸುವುದಕ್ಕಿಂತ ಕೊನೆಯ ವರ್ಷದ ವಿದ್ಯಾರ್ಥಿಗಳಲ್ಲಿ ವಿಚಾರಿಸುವುದು ಮೇಲು. ಅವರ ರೆಕಾರ್ಡಿಂಗ್ ಪುಸ್ತಕವನ್ನು, ಸೇವಾರ್ಥಿಗಳ ಗುರುತು ತಿಳಿಯದಂತೆ ಮುಚ್ಚಿ, ಒಂದೆರಡು ಪುಟ ತೋರಿಸಲು ಕೇಳಿ: ಮೇಲ್ವಿಚಾರಕರ ಕಾಲಂನಲ್ಲಿ ಬರವಣಿಗೆ ಇದೆಯೇ, ಬರೀ ಸಹಿ ಇದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ. ಐಸಿ ಪ್ರತಿ ವಾರ ನಡೆಯುತ್ತದೆಯೇ, ಒಬ್ಬ ಮೇಲ್ವಿಚಾರಕರ ಪಾಲಿಗೆ ಎಷ್ಟು ಮಂದಿ ವಿದ್ಯಾರ್ಥಿಗಳು, ಏಜೆನ್ಸಿಯಲ್ಲಿ ನೋಡಿಕೊಳ್ಳುವವರು ಸ್ವತಃ ಸಮಾಜಕಾರ್ಯ ಓದಿದವರೇ ಎಂದು ಕೇಳಿ. ಅಮೆರಿಕದ ನಿಯಮದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯ ಕ್ಷೇತ್ರ ಬೋಧಕರಿಗೆ ಅದೇ ವಿಷಯದ ಸ್ನಾತಕೋತ್ತರ ಪದವಿಯೂ, ಪದವಿಯ ನಂತರ ಎರಡು ವರ್ಷಗಳ ವೃತ್ತಿಯ ಅನುಭವವೂ ಇರಬೇಕು; ಬೇರೆಡೆ ಓದುವವರಿಗೂ ಇದು ಒಳ್ಳೆಯ ಅಳತೆಗೋಲು. ಪುಸ್ತಿಕೆಯಲ್ಲಿ ಹೆಸರಿರುವ ಒಂದು ಏಜೆನ್ಸಿಗೆ ನೀವೇ ಕರೆ ಮಾಡಿ, ಈ ವರ್ಷ ಆ ಕೋರ್ಸಿನ ವಿದ್ಯಾರ್ಥಿಗಳು ಬಂದಿದ್ದಾರೆಯೇ ಎಂದು ಕೇಳಬಹುದು. ಮನೆಭೇಟಿಗೆ ಒಬ್ಬರನ್ನೇ ಕಳುಹಿಸುತ್ತಾರೆಯೇ, ಅಹಿತಕರ ಘಟನೆ ನಡೆದರೆ ಯಾರಿಗೆ ಹೇಳಬೇಕು ಎಂಬುದನ್ನೂ ಕೇಳಿ. ಉತ್ತರ ಹೇಳಲು ತಡವರಿಸಿದರೆ ಅಲ್ಲಿ ಆ ಪ್ರಶ್ನೆಯನ್ನು ಯಾರೂ ಯೋಚಿಸಿಯೇ ಇಲ್ಲವೆಂದು ತಿಳಿಯಬೇಕು.

ಈಗಾಗಲೇ ಇಂತಹ ಕಡೆ ಸೇರಿ ಅರ್ಧ ದಾರಿಗೆ ಬಂದಿರುವವರು ದಿನಾಂಕ, ಹೊತ್ತು, ಮಾಡಿದ ಕೆಲಸ, ಯಾರ ಮೇಲ್ವಿಚಾರಣೆ ಎಂಬುದನ್ನೊಳಗೊಂಡ ಸ್ವಂತ ಲೆಕ್ಕವೊಂದನ್ನು ಇಂದಿನಿಂದಲೇ ಇಟ್ಟು, ಏಜೆನ್ಸಿಯವರಿಂದ ತಿಂಗಳು ತಿಂಗಳು ಸಹಿ ಪಡೆದುಕೊಳ್ಳಲಿ. ಮೇಲ್ವಿಚಾರಕರ ಬದಲಾವಣೆಯನ್ನು ಬಾಯಿಮಾತಿನಲ್ಲಿ ಕೇಳದೆ ವಿಭಾಗದ ಮುಖ್ಯಸ್ಥರಿಗೆ ಲಿಖಿತವಾಗಿ ಕೇಳಿ, ಸ್ವೀಕೃತಿ ಇಟ್ಟುಕೊಳ್ಳಲಿ. ನಮ್ಮ ತರಗತಿಯ ಕೆಲವರು ಹೀಗೆ ಬರೆಯಲು ಮುಂದಾದದ್ದು ಫಲಿತಾಂಶ ಬಂದ ಮೇಲೆ. ಏಜೆನ್ಸಿಗಳ ಮತ್ತು ಮೇಲ್ವಿಚಾರಕರ ಪಟ್ಟಿಯನ್ನು ಪರಿಷ್ಕರಿಸಲಾಗುವುದು ಎಂಬ ಒಂದು ಸಾಲಿನ ಉತ್ತರ ಬಂದಿದೆ. ಪರಿಷ್ಕೃತ ಪಟ್ಟಿ ಈವರೆಗೆ ಹೊರಬಂದಿಲ್ಲ; ಹೊಸ ಪ್ರವೇಶ ಪ್ರಕಟಣೆ ಮಾತ್ರ, ಒಪ್ಪಂದವಿಲ್ಲವೆಂದು ನನಗೆ ಹೇಳಿದ ಆ ಎರಡು ಆಸ್ಪತ್ರೆಗಳ ಹೆಸರನ್ನೂ ಒಳಗೊಂಡು, ಈಗಾಗಲೇ ಹೊರಬಿದ್ದಿದೆ.