ಪೆನ್ನು, ಫೋನು, ಧ್ವನಿ, ನುಡಿ: ಕಥೆ ಮುಗಿಯುವುದು ಯಾವುದರಲ್ಲಿ?

ಸುಮಾರು 1,800 ಪದಗಳ ಕಥೆಯೊಂದನ್ನು ಪೆನ್ನಿನಲ್ಲಿ, ಫೋನಿನಲ್ಲಿ, ಧ್ವನಿ ಟೈಪಿಂಗಿನಲ್ಲಿ, ಕಂಪ್ಯೂಟರಿನ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬರೆದು ನೋಡಿದರೆ ಗೊತ್ತಾಗುತ್ತದೆ: ನಾಲ್ಕರಲ್ಲೂ ಕೈ ನಿಲ್ಲುವ ಜಾಗ ಬೇರೆ ಬೇರೆ. ಆಫೀಸು ಮುಗಿಸಿ ಮನೆಗೆ ಬಂದು ರಾತ್ರಿ ಒಂದು ಗಂಟೆ ಬರೆಯುವವರಿಗೆ ಈ ವ್ಯತ್ಯಾಸ ದೊಡ್ಡದು.

ಮೊದಲ ಕರಡಿಗೆ ನಮ್ಮ ಮತ ಪೆನ್ನಿಗೆ. ಗೆರೆ ಹಾಕಿದ ಎ4 ಹಾಳೆ, ಒಂದೇ ಮಗ್ಗುಲಲ್ಲಿ ಬರಹ, ಒಂದು ಗೆರೆ ಬಿಟ್ಟು ಒಂದು ಗೆರೆ, ಎಡಗಡೆ ಎರಡು ಬೆರಳಗಲ ಖಾಲಿ. ಹೀಗೆ ಬರೆದರೆ ಹಾಳೆಗೆ ಹೆಚ್ಚುಕಡಿಮೆ 100 ಪದ ಹಿಡಿಯುತ್ತದೆ, ಕಥೆ 18 ಹಾಳೆಯಲ್ಲಿ ಮುಗಿಯುತ್ತದೆ. ಬಿಟ್ಟ ಗೆರೆಯಲ್ಲಿ ತಿದ್ದುಪಡಿ, ಅಂಚಿನಲ್ಲಿ ಅನುಮಾನಗಳು. ಕಾಗದದ ದೊಡ್ಡ ಗುಣವೆಂದರೆ ಬರೆದ ವಾಕ್ಯವನ್ನು ಅಳಿಸಿ ಅಳಿಸಿ ಅಲ್ಲೇ ತಿರುಗಲು ಅದು ಬಿಡುವುದಿಲ್ಲ. ಕಂಬಳದ ಕನೆಹಲಗೆಗೂ ಅಡ್ಡಹಲಗೆಗೂ ಏನು ವ್ಯತ್ಯಾಸ ಎಂದು ನೋಡಲು ಫೋನು ತೆಗೆದವರು ಅರ್ಧ ಗಂಟೆ ಕೋಣಗಳ ಓಟವನ್ನೇ ನೋಡುತ್ತಾರೆ. ಹಾಳೆಯಲ್ಲಾದರೆ ಅಂಚಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗಬಹುದು. ಕಥೆ ಮುಗಿದ ಮೇಲೆ ಎಲ್ಲ ಪ್ರಶ್ನೆಗಳಿಗೂ ಒಟ್ಟಿಗೆ ಉತ್ತರ ಹುಡುಕಿದರಾಯಿತು.

ಕರಾವಳಿಯಲ್ಲಿ ಕಾಗದಕ್ಕೆ ಒಂದು ಶತ್ರು ಉಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಳೆ ಥಂಡಿ ಹಿಡಿದು ಮೆತ್ತಗಾಗುತ್ತದೆ, ಜೆಲ್ ಪೆನ್ನಿನ ಶಾಯಿ ಹಬ್ಬುತ್ತದೆ. ಮಳೆಗಾಲಕ್ಕೆ ಬಾಲ್‌ಪೆನ್ನೇ ಸರಿ. ಬರೆದ ಹಾಳೆಗಳನ್ನು ಜಿಪ್ ಇರುವ ಪ್ಲಾಸ್ಟಿಕ್ ಲಕೋಟೆಯಲ್ಲಿಡಿ, ದಿನದ ಬರಹ ಮುಗಿದ ಕೂಡಲೇ ಪುಟಗಳ ಫೋಟೊ ತೆಗೆದಿಡಿ. ಹಾಳೆಗಳನ್ನು ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲಿ ಟೈಪು ಮಾಡಿಸಲು, ಕೊಡುವಾಗ ಇನ್ನೊಂದು ಎಚ್ಚರ ಬೇಕು. ಅವಸರದ ಅಕ್ಷರದಲ್ಲಿ ದ, ಧ, ಥ ಒಂದೇ ತರ ಕಾಣುತ್ತವೆ. ಸಂಭಾಷಣೆಯ ‘ಎಂತ ಮಾರಾಯ್ರೆ’ ಟೈಪಾಗುವಾಗ ‘ಏನು ಮಹಾರಾಯರೇ’ ಆಗಿ ಬಂದೀತು. ಮೊದಲ ಹಾಳೆಯ ಮೇಲೆಯೇ ‘ಊರಿನ ಮಾತು ಇದ್ದ ಹಾಗೇ ಇರಲಿ’ ಎಂದು ಬರೆದು ಕೊಡುವುದು ಒಳ್ಳೆಯದು.

ಫೋನಿನ ಕೀಲಿಮಣೆ ಯಾವಾಗಲೂ ಕೈಯಲ್ಲೇ ಇರುತ್ತದೆ. ಉಡುಪಿ–ಮಂಗಳೂರು ಬಸ್ಸಿನಲ್ಲೂ ನಾಲ್ಕು ಸಾಲು ಬರೆಯಬಹುದು. ಆದರೆ ವಾಟ್ಸ್‌ಆ್ಯಪ್ ಇರುವುದೂ ಅದೇ ಪರದೆಯಲ್ಲಿ. ಫ್ಲೈಟ್ ಮೋಡ್ ಹಾಕಿದರೆ ಆ ಕಾಟ ತಪ್ಪುತ್ತದೆ, ಟೈಪಿಂಗ್‌ಗೆ ಇಂಟರ್ನೆಟ್ ಬೇಕಾಗಿಲ್ಲ. ತಪ್ಪದ ಕಾಟ ಇನ್ನೊಂದಿದೆ. ಪರದೆಯಲ್ಲಿ ಒಮ್ಮೆಗೆ ಕಾಣುವುದು ಕೆಲವೇ ಸಾಲು, ಹಾಗಾಗಿ ಒಂದು ಪ್ಯಾರಾದಲ್ಲಿ ‘ಆದರೆ’ ಮೂರು ಸಲ ಬಂದದ್ದು ಕಣ್ಣಿಗೆ ಬೀಳುವುದಿಲ್ಲ. ಟಿಪ್ಪಣಿಗೆ, ಕೇಳಿಸಿಕೊಂಡ ಮಾತು ಹಿಡಿದಿಡಲು ಫೋನು ಸಾಕು. ಇಡೀ ಕಥೆಗೆ ಬೇಡ.

ಧ್ವನಿ ಟೈಪಿಂಗ್ ವೇಗದಲ್ಲಿ ಎಲ್ಲವನ್ನೂ ಹಿಂದೆ ಹಾಕುತ್ತದೆ. ಆ ಉಳಿತಾಯವೆಲ್ಲ ತಿದ್ದುವಾಗ ಖರ್ಚಾಗುತ್ತದೆ: ಪೂರ್ಣವಿರಾಮ, ಉದ್ಧರಣ ಚಿಹ್ನೆ ಎಷ್ಟೋ ಸಲ ಇರುವುದಿಲ್ಲ, ಲ–ಳ ಅದಲುಬದಲು, ತುಳು ಪದ ಬಂದರೆ ಬೇರೇನೋ. ಬಸ್ಸಿನ ಹಾರ್ನಿನ ಮುಂದೆ ಅದು ಕೆಲಸಕ್ಕೇ ಬಾರದು. ಸಂಭಾಷಣೆ ಬಾಯಿಗೆ ಬರುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಮಾತ್ರ ಇದರಷ್ಟು ಒಳ್ಳೆಯದು ಬೇರೆ ಇಲ್ಲ.

ಎರಡನೆಯ ಕರಡಿಗೆ ಕಂಪ್ಯೂಟರ್ ಬೇಕೇ ಬೇಕು. ಇಲ್ಲಿ ಆಯ್ಕೆ ಇರುವುದು ಇಂಗ್ಲಿಷ್ ಅಕ್ಷರದಿಂದ ಕನ್ನಡ ಮೂಡಿಸುವ ಕ್ರಮ ಮತ್ತು ನುಡಿಯ ಕೀಲಿಮಣೆಯ ನಡುವೆ. ನುಡಿಯ ವಿನ್ಯಾಸದ ಮೂಲ ಮಂಗಳೂರಿನ ಪಕ್ಕದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರದು. ‘ಕನ್ನಡ’ ಎಂದು ಬರೆಯಲು ಇದರಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂದು ಐದೇ ಒತ್ತು. ಇಂಗ್ಲಿಷ್ ಅಕ್ಷರದ ಕ್ರಮದಲ್ಲಿ ಏಳು. ಒತ್ತಕ್ಷರಕ್ಕೆ ಎಫ್, ಶ ಬೇಕಾದರೆ ದೊಡ್ಡ ಎಸ್, ಷ ಬೇಕಾದರೆ ಎಕ್ಸ್. ಮೊದಲ ಕೆಲವು ದಿನ ತೊದಲುವ ಕೈ ಆಮೇಲೆ ಓಡುತ್ತದೆ.

ನುಡಿಯಲ್ಲಿ ಎಡವುವುದು ಎನ್‌ಕೋಡಿಂಗ್‌ನಲ್ಲಿ, ಅಂದರೆ ಅಕ್ಷರಗಳನ್ನು ಕಂಪ್ಯೂಟರ್ ಒಳಗೆ ಉಳಿಸಿಕೊಳ್ಳುವ ಕ್ರಮದಲ್ಲಿ. ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿ ಕಳಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಸಂಪಾದಕರಿಗೆ ಕಾಣುವುದು ಇಂಗ್ಲಿಷ್ ಚಿಹ್ನೆಗಳ ರಾಶಿ. ಆರಂಭದಲ್ಲೇ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಕ್ರಮವಾದ ಯೂನಿಕೋಡ್ ಆರಿಸಿಕೊಳ್ಳಿ. ಹಳೆಯ ಕಡತವನ್ನು ಪರಿವರ್ತಕಕ್ಕೆ ಹಾಕಿದ ಮೇಲೆ ಅರ್ಕಾವತ್ತು, ಉದ್ಧರಣ ಚಿಹ್ನೆ, ನಡುವಿನ ಇಂಗ್ಲಿಷ್ ಪದಗಳು ಸರಿಯಿವೆಯೇ ಎಂದು ಒಂದೊಂದಾಗಿ ನೋಡಬೇಕು. ಕಳಿಸುವಾಗ ಯೂನಿಕೋಡ್ ಕಡತದ ಜೊತೆ ಅದರ ಪಿಡಿಎಫ್ ಕೂಡ ಇರಲಿ.

ಉತ್ಸಾಹದ ವಿಷಯ. ದಿನಕ್ಕೆ 300 ಪದ ಎಂಬ ಲೆಕ್ಕ, ದಿನಕ್ಕೆ 25 ನಿಮಿಷ ಎಂಬ ಲೆಕ್ಕ, ಎರಡರಲ್ಲಿ ನಿಮಿಷದ್ದೇ ಬಾಳಿಕೆಯದು. ಪದ ಎಣಿಸುವವರು ಸುಸ್ತಾದ ದಿನ ವಾಕ್ಯವನ್ನು ಸುಮ್ಮನೆ ಎಳೆಯುತ್ತಾರೆ, ಮರುದಿನ ಅದನ್ನು ಹೊಡೆದುಹಾಕುವಾಗ ಮನಸ್ಸು ಕುಗ್ಗುತ್ತದೆ. ಅಲಾರಂ ಫೋನಿನದ್ದು ಬೇಡ, ಗಡಿಯಾರದ್ದೇ ಇರಲಿ.

ಇನ್ನು ಪ್ರಕಟಣೆ. ದಿನಪತ್ರಿಕೆಯ ಭಾನುವಾರದ ಪುರವಣಿ, ಮಣಿಪಾಲದಿಂದಲೇ ಬರುವ ತರಂಗ, ತುಷಾರದಂಥ ನಿಯತಕಾಲಿಕ, ದೀಪಾವಳಿ ಕಥಾಸ್ಪರ್ಧೆ, ಸ್ವಂತ ಪುಸ್ತಕ ಎಂದು ನಾಲ್ಕು ದಾರಿ. ಪುರವಣಿಗೆ ಚಿಕ್ಕ ಕಥೆಯೇ ಬೇಕು. ಜಾಗಕ್ಕೆ ಹೊಂದದ ಕಥೆ ಚೆನ್ನಾಗಿದ್ದರೂ ವಾಪಸು ಬರುತ್ತದೆ. ಕಳಿಸುವ ಮೊದಲು ಅದೇ ಪತ್ರಿಕೆಯ ಇತ್ತೀಚಿನ ಮೂರು ಕಥೆಗಳ ಪದ ಎಣಿಸಿ ನೋಡಿ. ಸ್ಪರ್ಧೆಯ ಪ್ರಕಟಣೆಗೆ ಮಳೆಗಾಲದಿಂದಲೇ ಕಣ್ಣಿಡಬೇಕು, ಹಬ್ಬ ಹತ್ತಿರ ಬಂದ ಮೇಲೆ ಬರೆಯಲು ಕೂತರೆ ತಡವಾಯಿತು. ಒಂದೇ ಕಥೆ ಎರಡು ಕಡೆಗೆ ಹೋಗಕೂಡದು. ಮೂರು ತಿಂಗಳು ಉತ್ತರ ಬರದಿದ್ದರೆ ‘ಕಥೆಯನ್ನು ಹಿಂಪಡೆಯುತ್ತಿದ್ದೇನೆ’ ಎಂದು ಒಂದು ಸಾಲು ಬರೆದು ಬೇರೆ ಕಡೆ ಕಳಿಸಿ. ಪತ್ರಿಕೆಯಲ್ಲಿ ನಾಲ್ಕೈದು ಕಥೆ ಬರುವ ಮೊದಲು ಪುಸ್ತಕಕ್ಕೆ ಕೈ ಹಾಕುವುದು ಬೇಡ ಎಂದೇ ನಮ್ಮ ಅಭಿಪ್ರಾಯ, ಏಕೆಂದರೆ ಸಂಪಾದಕರ ಕಣ್ಣು ಪುಕ್ಕಟೆಯಾಗಿ ಸಿಗುವುದು ಅಲ್ಲಿ ಮಾತ್ರ.

ಪುಸ್ತಕವೇ ಎಂದಾದರೆ ಲೆಕ್ಕ ಫಾರಂನಲ್ಲಿ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟಿನಲ್ಲಿ. ಕಥಾಪುಸ್ತಕಗಳ ಸಾಮಾನ್ಯ ಅಳತೆಯಾದ ಡೆಮಿ 1/8ರಲ್ಲಿ ಒಂದು ಫಾರಂ ಎಂದರೆ 16 ಪುಟ. 1,800 ಪದದ ಹತ್ತು ಕಥೆಗೆ 18,000 ಪದ. ಪುಟಕ್ಕೆ 220 ಪದ ಹಿಡಿದರೆ 82 ಪುಟ, ಮುನ್ನುಡಿ ಪರಿವಿಡಿ ಸೇರಿ 96, ಅಂದರೆ ಸರಿಯಾಗಿ ಆರು ಫಾರಂ. 100 ಪುಟ ಮಾಡಿದರೆ ಏಳನೆಯ ಫಾರಂ ಬೇಕು, 12 ಪುಟ ಖಾಲಿ ಉಳಿಯುತ್ತದೆ. ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟಿನ (ಅಚ್ಚಿನ ತಗಡಿನ) ಖರ್ಚು 100 ಪ್ರತಿಗೂ 1,000 ಪ್ರತಿಗೂ ಒಂದೇ, ಆದ್ದರಿಂದ ಪ್ರತಿ ಕಡಿಮೆಯಾದಷ್ಟೂ ಒಂದೊಂದರ ಬೆಲೆ ಏರುತ್ತದೆ. 50 ಪ್ರತಿ ಸಾಕೆನ್ನುವವರಿಗೆ ಡಿಜಿಟಲ್ ಮುದ್ರಣವೇ ಅಗ್ಗ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಅನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಶುಲ್ಕವಿಲ್ಲದೆ ಕೊಡುತ್ತದೆ, ಲೇಖಕರೇ ಅರ್ಜಿ ಹಾಕಬಹುದು. ‘ಐಎಸ್‌ಬಿಎನ್ ಖರ್ಚು’ ಎಂದು ಯಾರಾದರೂ ಬಿಲ್ಲಿನಲ್ಲಿ ಸೇರಿಸಿದರೆ ಅದು ಯಾವ ಕೆಲಸದ ಕೂಲಿ ಎಂದು ಬರೆದು ಕೊಡಲು ಕೇಳಿ.