ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟು ಪುಡಿ ತಿಂದೆ, ಕಾಮಾಲೆ ಬಂತು

ತುಮಕೂರಿನ ಅಮಾನಿಕೆರೆ ಕಡೆ ವಾಕಿಂಗ್ ಹೋಗುವವರು ಇದನ್ನು ಪೂರ್ತಿ ಓದಿ. ನನಗೆ ಆ ಪುಡಿ ಸಿಕ್ಕಿದ್ದು ಅಲ್ಲೇ.

ಹೋದ ವರ್ಷ ನನ್ನ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 182 ಇತ್ತು, ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ (ಲಿವರಿನಲ್ಲಿ ಕೊಬ್ಬು) ಅಂತಲೂ ಬಂತು. ಡಾಕ್ಟರು ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಅಟೊರ್ವಾಸ್ಟಾಟಿನ್ 20 ಎಂಜಿ ಬರೆದರು, ರಾತ್ರಿ ಒಂದು. ಮೂರು ತಿಂಗಳಿಗೆ ಎಲ್‌ಡಿಎಲ್ 104ಕ್ಕೆ ಇಳಿಯಿತು. ಆದರೆ ಎಸ್‌ಜಿಪಿಟಿ (ಲಿವರಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಅಂಶ) 58 ಅಂತ ರಿಪೋರ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಇತ್ತು. ಅದನ್ನು ಡಾಕ್ಟರಿಗೆ ತೋರಿಸುವ ಮೊದಲೇ ವಾಕಿಂಗ್ ಗೆಳೆಯರಿಗೆ ತೋರಿಸಿದೆ. ತಪ್ಪಾಗಿದ್ದು ಅಲ್ಲೇ. "ಆ ಮಾತ್ರೆನೇ ನಿಮ್ಮ ಲಿವರ್ ತಿಂತಿರೋದು, ಮೊದ್ಲು ಬಿಡಿ" ಅಂದರು ಒಬ್ಬರು. ಇನ್ನೊಬ್ಬರು ಮಾರನೇ ದಿನವೇ ಪುಡಿ ತಂದುಕೊಟ್ಟರು.

ಪ್ಲಾಸ್ಟಿಕ್ ಡಬ್ಬಿ, ಹಸಿರು ಪುಡಿ, ಕಡು ಕಹಿ. ಮೇಲೆ "ಲಿವರ್ ಶುದ್ಧಿ" ಅಂತ ಒಂದು ಚೀಟಿ, ಅಷ್ಟೇ. ಏನೇನು ಹಾಕಿದ್ದಾರೆ, ಯಾವಾಗ ಮಾಡಿದ್ದು, ಲೈಸೆನ್ಸ್ ನಂಬರ್ ಏನು, ಒಂದೂ ಇಲ್ಲ. ಜೊತೆಗೆ ದಿನಾ ಎರಡು ಹೊತ್ತು ಅಮೃತಬಳ್ಳಿ ಕಷಾಯ. ಸೊಪ್ಪು ಬೇರು ತಾನೇ, ಏನಾಗುತ್ತೆ ಅಂದುಕೊಂಡೆ.

ಐದನೇ ವಾರಕ್ಕೆ ಊಟ ಸೇರಲಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮುಂದಿಟ್ಟರೆ ಮೇಲಿನ ಬೆಣ್ಣೆ ವಾಸನೆಗೇ ಓಕರಿಕೆ. ಮೈಯೆಲ್ಲ ತುರಿಕೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ. ಬಾಗಿಲ ಹತ್ತಿರ ಬಿಸಿಲಲ್ಲಿ ನಿಂತಿದ್ದಾಗ ಹೆಂಡತಿ ನನ್ನ ಕಣ್ಣು ನೋಡಿ "ಅರಿಶಿನ ಆಗಿದೆ, ನಡೀರಿ" ಅಂದಳು. ಎಸ್‌ಜಿಪಿಟಿ 860, ಕಾಮಾಲೆಯಲ್ಲಿ ಏರುವ ಬಿಲಿರುಬಿನ್ 9. ಏಳು ದಿನ ಆಸ್ಪತ್ರೆ. ಹೆಪಟೈಟಿಸ್ ಪರೀಕ್ಷೆ ಎಲ್ಲಾ ಮಾಡಿದರು, ಯಾವುದೂ ಇರಲಿಲ್ಲ. "ಬೇರೆ ಏನಾದ್ರೂ ತಗೊಂಡ್ರಾ?" ಅಂತ ಡಾಕ್ಟರು ಎರಡು ಸಲ ಕೇಳಿದಾಗ ಇಲ್ಲ ಅಂದಿದ್ದೆ, ಯಾಕಂದ್ರೆ ಪುಡಿಯನ್ನು ನಾನು ಔಷಧಿ ಅಂತ ಎಣಿಸಿರಲೇ ಇಲ್ಲ. ಮೂರನೇ ಸಲ ಕೇಳಿದಾಗ ಡಬ್ಬಿ ತರಿಸಿದೆ.

ಆಗ ಅವರು ಬಿಡಿಸಿ ಹೇಳಿದರು. ಫ್ಯಾಟಿ ಲಿವರ್ ಇದ್ದರೇ ಎಸ್‌ಜಿಪಿಟಿ ಸ್ವಲ್ಪ ಏರುತ್ತೆ, ಈ ಮಾತ್ರೆಯಿಂದಲೂ ಕೆಲವರಿಗೆ ಅಷ್ಟಿಷ್ಟು ಏರುತ್ತೆ. ಸಾಮಾನ್ಯ ಮಿತಿಯ ಮೂರು ಪಟ್ಟು ದಾಟಿದರೆ ಆಗ ಮಾತ್ರೆ ನಿಲ್ಲಿಸುವ ಮಾತು. ಮಿತಿ 40 ಅಂದರೆ 120. ನನ್ನದು 58, ಹೆದರುವ ಕಾರಣವೇ ಇರಲಿಲ್ಲ. ಅಮೃತಬಳ್ಳಿಯ ವಿಷಯ ನನಗೆ ಗೊತ್ತೇ ಇರಲಿಲ್ಲ: ಕೊರೋನಾ ಕಾಲದಲ್ಲಿ ಅದನ್ನು ಕುಡಿದ ಕೆಲವರ ಲಿವರಿಗೆ ಪೆಟ್ಟು ಬಿದ್ದದ್ದನ್ನು ಮುಂಬೈ ವೈದ್ಯರು 2021ರಲ್ಲೇ ಬರೆದಿದ್ದಾರೆ. ನನಗೆ ಆಗಿದ್ದು ಪುಡಿಯಿಂದಲೋ ಕಷಾಯದಿಂದಲೋ ಬೇರ್ಪಡಿಸಿ ಹೇಳೋಕಾಗಲ್ಲ ಅಂದರು. ಎರಡನ್ನೂ ಬಿಟ್ಟೆ.

ಎಸ್‌ಜಿಪಿಟಿ ಮಾಮೂಲಿಗೆ ಬರಲು ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಎಲ್‌ಡಿಎಲ್ ಮತ್ತೆ 176. ಈಗ ಡಾಕ್ಟರು ಹೇಳಿದ ಮೇಲೆ ಅದೇ ಮಾತ್ರೆ ಮತ್ತೆ ಶುರು ಮಾಡಿದ್ದೇನೆ, ಕೊಬ್ಬರಿ, ಬೆಣ್ಣೆ, ಬೇಕರಿ ತಿಂಡಿ ಕಡಿಮೆ, ರಾಗಿ ಮುದ್ದೆ, ಹುರುಳಿ, ಸೊಪ್ಪು ಜಾಸ್ತಿ.

ಆ ಪುಡಿ ಇನ್ನೂ ಕೈಯಿಂದ ಕೈಗೆ ಹೋಗುತ್ತಿದೆ, ಹೋದ ವಾರ ನಮ್ಮ ಬೀದಿಗೂ ಬಂದಿತ್ತು. ನಿಮಗೂ ಯಾರಾದರೂ ಕೊಟ್ಟಿದ್ದರೆ ಇವತ್ತೇ ನಿಲ್ಲಿಸಿ, ಲಿವರ್ ಟೆಸ್ಟ್ ಮಾಡಿಸಿ. ಡಬ್ಬಿ ಮಾತ್ರ ಎಸೀಬೇಡಿ, ಡಾಕ್ಟರ ಹತ್ತಿರ ತಗೊಂಡು ಹೋಗಿ.